ಬ್ಯಾಟರಿಗೂ ಹೂಳು ತುಂಬುತ್ತದೆ

(ಮಂಡ್ಯದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು, ಮನೆಯಿಂದ ಕೆಲಸ ಮಾಡುವವರು ಸೇರಿದ್ದ ಸಭೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವರೊಬ್ಬರು ಆಡಿದ ಮಾತಿನ ಬರಹ ರೂಪ.)

ನನ್ನ ಕೈಯಲ್ಲಿರುವ ಇದನ್ನು ನೋಡಿ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಇದು ಲ್ಯಾಪ್‌ಟಾಪಿನ ಬ್ಯಾಟರಿ. ಹೊಸದಾಗಿದ್ದಾಗ ಸ್ಲೇಟಿನ ಹಾಗೆ ಚಪ್ಪಟೆಯಾಗಿತ್ತು. ಈಗ ಎಣ್ಣೆಗೆ ಬಿಟ್ಟ ಪೂರಿ ಹಾಗೆ ಉಬ್ಬಿದೆ. ಪೂರ್ತಿ ಖಾಲಿ ಮಾಡಿ, ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬದಲ್ಲಿ ಇಟ್ಟು ತಂದಿದ್ದೇನೆ. ತೋರಿಸಿದ್ದಾಯಿತು, ಮತ್ತೆ ಅದೇ ಡಬ್ಬಕ್ಕೆ ಹಾಕುತ್ತೇನೆ. ಕೈಯಿಂದ ಕೈಗೆ ಕೊಡುವ ಸಾಮಾನಲ್ಲ ಇದು.

ಇದರ ಒಡತಿ ಒಬ್ಬರು ಟೀಚರ್. ಅಂಗಡಿಗೆ ಬಂದಾಗ ಬ್ಯಾಟರಿಯ ಮಾತೇ ಎತ್ತಲಿಲ್ಲ. "ಅಣ್ಣ, ಮೌಸ್ ಒತ್ತೋ ಜಾಗ ಗಟ್ಟಿಯಾಗಿಬಿಟ್ಟಿದೆ, ಕ್ಲಿಕ್ಕೇ ಆಗ್ತಿಲ್ಲ" ಅಂದರು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟೆ. ಒಂದು ಮೂಲೆ ಮೇಜಿಗೆ ತಾಗುತ್ತಿರಲಿಲ್ಲ. ಆ ಕಡೆ ಒತ್ತಿದರೆ ಈ ಕಡೆ ಏಳುತ್ತಿತ್ತು, ಕಾಲು ಸಮ ಇಲ್ಲದ ಸ್ಟೂಲಿನ ಹಾಗೆ. ಕೆಳಗಿನ ಸ್ಕ್ರೂಗಳನ್ನು ಬಿಚ್ಚುತ್ತಾ ಹೋದೆ. ಕೊನೆಯ ಸ್ಕ್ರೂ ಬಿಚ್ಚುತ್ತಿದ್ದ ಹಾಗೆ ಮುಚ್ಚಳ ತಾನಾಗಿ ಮೇಲೆ ಬಂತು. ಒಳಗಿನಿಂದ ಬ್ಯಾಟರಿ ತಳ್ಳುತ್ತಿತ್ತು. ಒಂದು ಕಡೆ ಮೌಸ್ ಪ್ಯಾಡನ್ನು, ಇನ್ನೊಂದು ಕಡೆ ತಳದ ಮುಚ್ಚಳವನ್ನು.

ಅವರಿಗೆ ತೋರಿಸಿದೆ. ಅವರು ಕೇಳಿದ್ದು ಇಷ್ಟು: "ಇದನ್ನ ನಾನು ಬ್ಯಾಟರಿ ಮೇಲೆ ಓಡಿಸೇ ಇಲ್ಲ. ಮೂರು ವರ್ಷದಿಂದ ಚಾರ್ಜರ್ ತೆಗೆದೇ ಇಲ್ಲ. ಬಳಸದೆ ಇಟ್ಟಿದ್ದು ಹೊಸದಾಗೇ ಇರಬೇಕಿತ್ತು ಅಲ್ವಾ?"

ಆ ಪ್ರಶ್ನೆಗೆ ಉತ್ತರ ಹೇಳಲು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಬ್ಯಾಟರಿ ಬಳಸಿದರೂ ಸವೆಯುತ್ತದೆ, ಬಳಸದೆ ಇಟ್ಟರೂ ಸವೆಯುತ್ತದೆ. ನನ್ನ ಬೆಂಚಿಗೆ ಬರುವ ಬ್ಯಾಟರಿಗಳಲ್ಲಿ ಎರಡನೆಯ ಜಾತಿಯವೇ ಜಾಸ್ತಿ. ಪೂರ್ತಿ ತುಂಬಿಸಿ, ಬಿಸಿಯಲ್ಲಿ ಕೂರಿಸಿದವು.

ನಾವು ಕಬ್ಬಿನ ನಾಡಿನವರು. ಕಡಿದ ಕಬ್ಬನ್ನು ಕಾರ್ಖಾನೆ ಮುಂದೆ ಬಿಸಿಲಲ್ಲಿ ಎರಡು ಮೂರು ದಿನ ನಿಲ್ಲಿಸಿದರೆ ಏನಾಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಯಾರೂ ಮುಟ್ಟದಿದ್ದರೂ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಬಿಸಿಲು ಹೆಚ್ಚಿದಷ್ಟು ಬೇಗ ಇಳಿಯುತ್ತದೆ. ಲಿಥಿಯಂ ಬ್ಯಾಟರಿಯೂ ಹಾಗೇ. ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ಅದರ ಶಕ್ತಿ ಇಳಿಯಲು ಶುರು. ಎಷ್ಟು ಬೇಗ ಇಳಿಯಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಒಂದೊಂದು ಸೆಲ್ಲಿನಲ್ಲಿ ಎರಡು ಬದಿ. ಒಂದು ಬದಿಯಲ್ಲಿ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿ ಇರುವ ಅದೇ ಕಪ್ಪು ವಸ್ತು. ಇನ್ನೊಂದು ಬದಿಯಲ್ಲಿ ಕೋಬಾಲ್ಟ್, ನಿಕಲ್‌ನಂಥ ಲೋಹಗಳ ಆಕ್ಸೈಡ್. ನಡುವೆ ಒಂದು ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಗ್ರಾಫೈಟಿನ ಪದರಗಳ ಒಳಗೆ ಹೋಗಿ ಕೂರುತ್ತವೆ. ನಾವು ಬಳಸುವಾಗ ವಾಪಸ್ ಬರುತ್ತವೆ. ಈ ಓಡಾಟವೇ ಬ್ಯಾಟರಿ. ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಸೋನಿ ಕಂಪನಿ, 1991ರಲ್ಲಿ. ಇದರ ಹಿಂದಿನ ಕೆಲಸಕ್ಕೆ 2019ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು: ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅಷ್ಟು ದೊಡ್ಡ ವಯಸ್ಸಿನಲ್ಲಿ ನೊಬೆಲ್ ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಇಲ್ಲಿ ಕೂತಿರುವ ಪ್ರತಿಯೊಬ್ಬರ ಜೇಬಿನಲ್ಲೂ ಅವರ ಕೆಲಸ ಇದೆ. ನೆನೆಸಿಕೊಂಡಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈಗ ಹೂಳಿನ ವಿಚಾರ. ಆ ಓಡಾಟದಲ್ಲಿ ಗ್ರಾಫೈಟಿನ ಮೇಲೆ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಆ ಪದರ ಬೇಕೇ ಬೇಕು, ಅದಿಲ್ಲದೆ ಸೆಲ್ ನಡೆಯುವುದಿಲ್ಲ. ಆದರೆ ಅದು ದಪ್ಪವಾಗುತ್ತಾ ಹೋದ ಹಾಗೆ ಲಿಥಿಯಂ ಕಣಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಸಿಕ್ಕಿಬಿದ್ದ ಕಣ ಮತ್ತೆ ಓಡಾಡುವುದಿಲ್ಲ. ನಮ್ಮೂರ ಕೆರೆಯನ್ನು ನೆನೆಸಿಕೊಳ್ಳಿ. ಹೂಳು ತುಂಬಿದ ಕೆರೆ ಒಂದು ಮಳೆಗೇ ಕೋಡಿ ಬೀಳುತ್ತದೆ. ದಡದಲ್ಲಿ ನಿಂತು ನೋಡಿದರೆ ಕೆರೆ ತುಂಬಿದೆ. ಗದ್ದೆಗೆ ನೀರು ಬಿಟ್ಟಾಗ ಗೊತ್ತಾಗುತ್ತದೆ, ನಾಲ್ಕೇ ದಿನಕ್ಕೆ ತಳ ಕಾಣುತ್ತದೆ. ಹಳೆ ಲ್ಯಾಪ್‌ಟಾಪ್ ಅರ್ಧ ಗಂಟೆಯಲ್ಲಿ 100 ತೋರಿಸಿ, ಒಂದು ಗಂಟೆಯಲ್ಲಿ ಆಫ್ ಆಗುವುದು ಹೀಗೇ. ಪರದೆಯಲ್ಲಿ ಕಾಣುವ ಪರ್ಸೆಂಟ್ ನೀರಿನ ಮಟ್ಟವನ್ನು ಹೇಳುತ್ತದೆ, ಕೆರೆಯ ಆಳವನ್ನು ಹೇಳುವುದಿಲ್ಲ.

ಹೂಳು ಬೇಗ ತುಂಬಿಸುವುದು ಯಾವುದು? ಎರಡು ಸಂಗತಿ. ಒಂದು ಬಿಸಿ. ಇನ್ನೊಂದು, ಬ್ಯಾಟರಿಯನ್ನು ತುದಿ ಮಟ್ಟ ತುಂಬಿಸಿ ಹಾಗೇ ಬಿಡುವುದು. ತುಂಬಿದ ಸೆಲ್ಲಿನ ವೋಲ್ಟೇಜ್ ಸುಮಾರು 4.2. ಆ ಮಟ್ಟದಲ್ಲಿ ಒಳಗಿನ ದ್ರವಕ್ಕೆ ನೆಮ್ಮದಿ ಇಲ್ಲ, ಅದು ಸ್ವಲ್ಪ ಸ್ವಲ್ಪವೇ ಒಡೆಯುತ್ತಾ ಹೋಗುತ್ತದೆ. ಒಡೆದಾಗ ಗ್ಯಾಸ್ ಬರುತ್ತದೆ. ಆ ಟೀಚರ್ ಬ್ಯಾಟರಿ ಪೂರಿಯಾಗಿದ್ದು ಆ ಗ್ಯಾಸಿನಿಂದ.

ಬ್ಯಾಟರಿ ಪರೀಕ್ಷೆಯ ಯಂತ್ರ ಮಾಡುವ ಕೆನಡಾದ ಕ್ಯಾಡೆಕ್ಸ್ ಕಂಪನಿಯವರು ಒಂದು ಲೆಕ್ಕ ಪ್ರಕಟಿಸಿದ್ದಾರೆ. ನನ್ನ ಬೆಂಚಿನ ಮುಂದೆ ಬರೆದು ಅಂಟಿಸಿಕೊಂಡಿದ್ದೇನೆ. ಲಿಥಿಯಂ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ, 40 ಪರ್ಸೆಂಟ್ ಚಾರ್ಜ್ ಇಟ್ಟು ಒಂದು ವರ್ಷ ಬಿಟ್ಟರೆ 96 ಪರ್ಸೆಂಟ್ ಶಕ್ತಿ ಉಳಿಯುತ್ತದೆ. ಅದೇ 25 ಡಿಗ್ರಿಯಲ್ಲಿ, ಪೂರ್ತಿ ತುಂಬಿಸಿ ಬಿಟ್ಟರೆ ಉಳಿಯುವುದು 80. ಈಗ ಬಿಸಿ ಸೇರಿಸಿ. 40 ಡಿಗ್ರಿಯಲ್ಲಿ, 40 ಪರ್ಸೆಂಟ್ ಚಾರ್ಜ್ ಇದ್ದರೆ 85. ಅದೇ 40 ಡಿಗ್ರಿಯಲ್ಲಿ ಪೂರ್ತಿ ತುಂಬಿದ್ದರೆ 65. ಒಂದೇ ವರ್ಷಕ್ಕೆ, ಒಂದು ದಿನವೂ ಬಳಸದೆ, ಮೂರನೇ ಒಂದು ಭಾಗ ಹೋಯಿತು. ನಮ್ಮ ಏಪ್ರಿಲ್ ತಿಂಗಳಲ್ಲಿ ಶೀಟ್ ಮನೆಯೊಳಗೆ, ಹಾಸಿಗೆ ಮೇಲೆ ಇಟ್ಟ ಲ್ಯಾಪ್‌ಟಾಪಿನ ಒಳಗೆ 40 ಡಿಗ್ರಿ ಅನ್ನುವುದು ದೊಡ್ಡ ಮಾತೇನೂ ಅಲ್ಲ.

ಹಾಗಾದರೆ ಇಷ್ಟು ದಿನ ನಾವು ಕೇಳಿಕೊಂಡು ಬಂದದ್ದು ಏನು? "ಪೂರ್ತಿ ಖಾಲಿ ಮಾಡಿ, ಪೂರ್ತಿ ಚಾರ್ಜ್ ಮಾಡಿ." ಈ ಮಾತನ್ನು ನಾನೂ ಶುರುವಿನಲ್ಲಿ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಟ್ಟಿದ್ದೇನೆ. ನನಗೆ ಕಲಿಸಿದವರು ಹಾಗೆ ಕಲಿಸಿದ್ದರು. ಅದು ತಪ್ಪು ಅಂತ ತಿಳಿದ ಮೇಲೆ, ಸಿಕ್ಕವರಿಗೆಲ್ಲ ತಿದ್ದಿ ಹೇಳುತ್ತಾ ಬಂದಿದ್ದೇನೆ. ಆ ಮಾತು ಹುಟ್ಟಿದ್ದು ನಿಕಲ್ ಬ್ಯಾಟರಿಯ ಕಾಲದಲ್ಲಿ. ಹಳೆ ಕಾರ್ಡ್‌ಲೆಸ್ ಫೋನು, ಮೊದಮೊದಲ ಮೊಬೈಲುಗಳಲ್ಲಿ ಅವು ಇದ್ದವು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕೇ ಚಾರ್ಜ್ ಹಾಕಿದರೆ ಅದಕ್ಕೆ ಅರ್ಧವೇ ಅಭ್ಯಾಸವಾಗಿಬಿಡುತ್ತಿತ್ತು. ಅದಕ್ಕೆ ಆ ಸಲಹೆ ಸರಿ. ಲಿಥಿಯಂಗೆ ಅಂಥ ಅಭ್ಯಾಸ ಇಲ್ಲ. 40ಕ್ಕೆ ಹಾಕಿ, 70ಕ್ಕೆ ತೆಗೆಯಿರಿ, ಅದಕ್ಕೇನೂ ಬೇಜಾರಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಬ್ಯಾಟರಿ ಇದೆ. ಮೆಟ್ಟಿಲ ಕೆಳಗೆ ಕೂತಿರುವ ಇನ್ವರ್ಟರ್ ಬ್ಯಾಟರಿ. ಆರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುತ್ತೀರಲ್ಲ, ಅದು. ಅದು ಸೀಸ ಮತ್ತು ಆ್ಯಸಿಡ್‌ನ ಬ್ಯಾಟರಿ. ಅದಕ್ಕೆ ಸದಾ ತುಂಬಿರುವುದೇ ಇಷ್ಟ. ಖಾಲಿ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಹಾಳಾಗುತ್ತದೆ. ಇನ್ವರ್ಟರ್ ನೋಡಿಕೊಂಡ ಕೈಯಲ್ಲೇ ನಾವು ಲ್ಯಾಪ್‌ಟಾಪನ್ನೂ ನೋಡಿಕೊಳ್ಳುತ್ತೇವೆ. ಎಮ್ಮೆಗೆ ಹಾಕುವ ಹಿಂಡಿಯನ್ನು ಕೋಳಿಗೆ ಹಾಕಿದ ಹಾಗೆ.

ನಿಮ್ಮ ಕಷ್ಟ ನನಗೆ ಗೊತ್ತು. ಕರೆಂಟ್ ಯಾವಾಗ ಹೋಗುತ್ತೋ ಅಂತ ಚಾರ್ಜರ್ ತೆಗೆಯಲು ಭಯ. ಇಲ್ಲಿ ಒಂದು ಮಾತು ಹೇಳದೆ ಇರಲಾರೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಂದರೆ ದೇಶದಲ್ಲೇ ಬಹಳ ಮೊದಲು ಕರೆಂಟು ಹುಟ್ಟಿದ ಜಾಗಗಳಲ್ಲಿ ನಮ್ಮ ಜಿಲ್ಲೆಯದೂ ಒಂದು. ಆದರೆ ತಂತಿಯ ಕರೆಂಟು ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಕೂಡಿಡಬೇಕಾದರೆ ಬ್ಯಾಟರಿಯೇ ಬೇಕು. ಮಳವಳ್ಳಿ ಕಡೆಯ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟ್ ಹೋದಾಗ ಓದುವುದು ಆ ಕೂಡಿಟ್ಟದ್ದರಿಂದ. ಅದಕ್ಕೇ ಅದನ್ನು ಚೆನ್ನಾಗಿ ಉಳಿಸಿಕೊಳ್ಳಬೇಕು ಅಂತ ಇಷ್ಟು ಹೇಳುತ್ತಿದ್ದೇನೆ.

ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಬಹುದಾ? ಧಾರಾಳವಾಗಿ ಮಾಡಿ. "ಓವರ್‌ಚಾರ್ಜ್ ಆಗಿ ಸಿಡಿಯುತ್ತೆ" ಅನ್ನುವ ಭಯ ಬೇಡ. ತುಂಬಿದ ಮೇಲೆ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ. ಆಮೇಲೆ ಲ್ಯಾಪ್‌ಟಾಪ್ ನೇರ ಅಡಾಪ್ಟರ್‌ನಿಂದ ಓಡುತ್ತದೆ. ತೊಂದರೆ ಬೇರೆ. ಬ್ಯಾಟರಿ 100ರಲ್ಲೇ ನಿಂತಿರುತ್ತದೆ, ಪಕ್ಕದಲ್ಲೇ ಪ್ರೊಸೆಸರ್ ಬಿಸಿಯಾಗುತ್ತಿರುತ್ತದೆ. ಈಗಷ್ಟೇ ಹೇಳಿದ ಎರಡೂ ಕಾಟ ಒಟ್ಟಿಗೆ. ಇದಕ್ಕೆ ದಾರಿ ಲ್ಯಾಪ್‌ಟಾಪ್ ಮಾಡುವವರೇ ಕೊಟ್ಟಿದ್ದಾರೆ, ನಮ್ಮಲ್ಲಿ ಬಹಳ ಜನ ತೆರೆದು ನೋಡಿಲ್ಲ ಅಷ್ಟೇ. ಲೆನೊವೊದಲ್ಲಿ ವ್ಯಾಂಟೇಜ್ ಅನ್ನುವ ಆ್ಯಪ್‌ನಲ್ಲಿ ಕನ್ಸರ್ವೇಶನ್ ಮೋಡ್ ಅಂತ ಇದೆ. ಆಸುಸ್‌ನಲ್ಲಿ ಮೈಆಸುಸ್ ಆ್ಯಪ್ ಒಳಗೆ ಬ್ಯಾಟರಿಯ ಆರೈಕೆಗೆ ಒಂದು ಆಯ್ಕೆ ಇದೆ. ಡೆಲ್, ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ ಒಳಗೇ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟದಲ್ಲೇ ಇಟ್ಟಿದ್ದಾರೆ. ಹೆಸರು ಬೇರೆ ಬೇರೆ, ಕೆಲಸ ಒಂದೇ. ಚಾರ್ಜರ್ ಚುಚ್ಚಿಯೇ ಇದ್ದರೂ ಬ್ಯಾಟರಿಯನ್ನು 80 ಅಥವಾ 60ರಲ್ಲಿ ನಿಲ್ಲಿಸುವುದು. ಮ್ಯಾಕ್‌ನಲ್ಲಿ ಆಪ್ಟಿಮೈಸ್ಡ್ ಚಾರ್ಜಿಂಗ್ ಅಂತ ಇದೆ, ನಿಮ್ಮ ದಿನಚರಿ ನೋಡಿಕೊಂಡು 80ರ ಹತ್ತಿರ ತಡೆದು ಇಡುತ್ತದೆ. ಟೇಬಲ್ ಮೇಲೆ ಇಟ್ಟೇ ಕೆಲಸ ಮಾಡುವವರು ಇವತ್ತು ಮನೆಗೆ ಹೋಗಿ ಮಾಡಬೇಕಾದ ಮೊದಲ ಕೆಲಸ ಇದು. ಊರಿಗೆ ಹೋಗುವ ಹಿಂದಿನ ರಾತ್ರಿ ಅದನ್ನು ತೆಗೆದು 100 ತುಂಬಿಸಿಕೊಳ್ಳಿ. ಒಂದು ದಿನ 100 ಆದರೆ ಏನೂ ಆಗುವುದಿಲ್ಲ.

ಬಾಯಿ ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಲ್ಯಾಪ್‌ಟಾಪ್ ತೆರೆದೇ ನೋಡೋಣ. ಯಾರ ಹತ್ತಿರ ಇದೆ? ಬಾ ತಂಗಿ. ಬಿಇ ಕೊನೆಯ ವರ್ಷ, ಲ್ಯಾಪ್‌ಟಾಪ್ ತಗೊಂಡು ಮೂರು ವರ್ಷ, ಹಾಸ್ಟೆಲ್ ಟೇಬಲ್ ಮೇಲೆ ಚಾರ್ಜರ್ ಯಾವಾಗಲೂ ಹಾಕಿರುತ್ತದೆ. ಇಷ್ಟು ಸಾಕು. ಈಗ ವಿಂಡೋಸ್‌ನ ಹುಡುಕುವ ಜಾಗದಲ್ಲಿ ಸಿ ಎಂ ಡಿ ಅಂತ ಒತ್ತಿ, ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಪವರ್ ಅಂತ ಬರೆದು, ಜಾಗ ಬಿಡದೆ ಸಿ ಎಫ್ ಜಿ. ಒಂದು ಜಾಗ ಬಿಟ್ಟು, ಮುಂದಕ್ಕೆ ಓರೆಯಾದ ಗೆರೆ, ಅದಕ್ಕೆ ಅಂಟಿಕೊಂಡು ಬ್ಯಾಟರಿ ರಿಪೋರ್ಟ್, ಎರಡು ಪದ ಸೇರಿಸಿ. ಎಂಟರ್. ಒಂದು ಫೈಲ್ ಎಲ್ಲಿ ಇಟ್ಟಿದ್ದೇನೆ ಅಂತ ಅದೇ ಹೇಳುತ್ತದೆ. ತೆರೆಯಿರಿ.

ಪರದೆ ನೋಡಿ. ಡಿಸೈನ್ ಕೆಪಾಸಿಟಿ 42,000 ಮಿಲಿವ್ಯಾಟ್-ಅವರ್. ಹೊಸದರಲ್ಲಿ ಕೆರೆ ಇಷ್ಟು ಆಳ ಇತ್ತು. ಫುಲ್ ಚಾರ್ಜ್ ಕೆಪಾಸಿಟಿ 29,400. ಈಗ ಉಳಿದ ಆಳ. ನೂರಕ್ಕೆ 70. ಈಗ ಅದರ ಕೆಳಗಿನ ಸಾಲು, ಸೈಕಲ್ ಕೌಂಟ್. 118. ಇದನ್ನು ದಯವಿಟ್ಟು ಗಮನಿಸಿ. ಸೈಕಲ್ ಅಂದರೆ ಎಷ್ಟು ಸಲ ಪ್ಲಗ್ ಹಾಕಿದಿರಿ ಅಂತಲ್ಲ. ಒಟ್ಟು 100 ಪರ್ಸೆಂಟ್ ಖರ್ಚಾದರೆ ಒಂದು ಸೈಕಲ್. ಇವತ್ತು 50, ನಾಳೆ 50 ಆದರೂ ಒಂದೇ. ಮಾಮೂಲಿ ಲ್ಯಾಪ್‌ಟಾಪ್ ಬ್ಯಾಟರಿ 300ರಿಂದ 500 ಸೈಕಲ್ ತಡೆಯುವ ಹಾಗೆ ಮಾಡಿರುತ್ತಾರೆ. ಆಪಲ್ ತನ್ನ ಈಗಿನ ಮ್ಯಾಕ್‌ಬುಕ್‌ಗಳಿಗೆ 1000 ಅನ್ನುತ್ತದೆ. ಈ ತಂಗಿಯ ಬ್ಯಾಟರಿ 118ಕ್ಕೇ 30 ಪರ್ಸೆಂಟ್ ಕಳೆದುಕೊಂಡಿದೆ. ಓಡಿ ಸವೆದದ್ದು ಸ್ವಲ್ಪ. ಮಿಕ್ಕದ್ದೆಲ್ಲ ತುಂಬಿ ಕೂತು ಹೋದದ್ದು.

ಬೇಜಾರು ಬೇಡಮ್ಮ. ಈಗಲೇ 80ರ ಮಿತಿ ಹಾಕೋಣ. ಹಾಂ, ಆಯಿತು. ಮೀಟರ್ ಈಗ 99 ತೋರಿಸುತ್ತಿದೆ. ಮಿತಿ ಹಾಕಿದ ಮಾತ್ರಕ್ಕೆ ತುಂಬಿದ್ದು ಇಳಿಯುವುದಿಲ್ಲ, ಬಳಸಿ ಇಳಿಸಬೇಕು. ಚಾರ್ಜರ್ ತೆಗೆದು ಇಲ್ಲೇ ಇಡು. ಪ್ರೊಜೆಕ್ಟರ್‌ಗೆ ಹಾಕಿಕೊಂಡೇ ಇರಲಿ, ನಾನು ಮುಂದಿನ ಚಿತ್ರಗಳನ್ನು ಇದರಲ್ಲೇ ತೋರಿಸುತ್ತೇನೆ.

ಈಗ ಮಲಗಿಸುವ ವಿಚಾರ. ಲ್ಯಾಪ್‌ಟಾಪ್ ಮುಚ್ಚಿದರೆ ಆಫ್ ಆಯಿತು ಅಂದುಕೊಂಡವರು ಬಹಳ ಜನ. ಅದು ಸ್ಲೀಪ್, ಸ್ಟವ್ ಸಿಮ್‌ನಲ್ಲಿ ಇಟ್ಟ ಹಾಗೆ. ಉರಿ ಸಣ್ಣದು, ಆದರೆ ಸಿಲಿಂಡರ್ ಖಾಲಿಯಾಗುತ್ತಲೇ ಇದೆ. ನೀವು ತೆರೆದಿಟ್ಟ ಕೆಲಸವೆಲ್ಲ ರ‍್ಯಾಮ್‌ನಲ್ಲಿ ಇರುತ್ತದೆ. ರ‍್ಯಾಮ್‌ಗೆ ಒಂದು ಗಳಿಗೆ ಕರೆಂಟ್ ತಪ್ಪಿದರೂ ಎಲ್ಲ ಮರೆಯುತ್ತದೆ. ಅದಕ್ಕೇ ಆ ಸಣ್ಣ ಉರಿ. ಒಂದು ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 45 ವ್ಯಾಟ್-ಅವರ್ ಬ್ಯಾಟರಿ, ಅಂದರೆ ಒಂದು ವ್ಯಾಟ್‌ನಂತೆ 45 ಗಂಟೆ ಕೊಡುವ ಬ್ಯಾಟರಿ, ಎರಡು ದಿನದೊಳಗೆ ಮುಗಿಯಿತು. ಅರ್ಧ ವ್ಯಾಟ್ ಆದರೆ ನಾಲ್ಕು ದಿನದೊಳಗೆ. ಚಹಾಕ್ಕೆ, ಊಟಕ್ಕೆ ಎದ್ದು ಹೋಗುವಾಗ ಸ್ಲೀಪ್ ಬಹಳ ಒಳ್ಳೆಯದು. ಶುಕ್ರವಾರ ಸಂಜೆ ಮುಚ್ಚಿ ಸೋಮವಾರ ತೆರೆಯುವವರಿಗೆ ಅಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತರಹದ ಸ್ಲೀಪ್ ಬಂದಿದೆ, ಮಾಡರ್ನ್ ಸ್ಟ್ಯಾಂಡ್‌ಬೈ. ಫೋನಿನ ಹಾಗೆ. ಪರದೆ ಕಪ್ಪಾದರೂ ಒಳಗೆ ಆಗಾಗ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ನೋಡುತ್ತದೆ. ಸಿಮ್‌ನಲ್ಲಿ ಇಟ್ಟ ಸ್ಟವ್‌ನ್ನು ಯಾರೋ ಬಂದು ದೊಡ್ಡದು ಮಾಡಿ ಹೋದ ಹಾಗೆ. ಮಂಡ್ಯದಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ಒಬ್ಬರು ಹೇಳಿದ್ದು ಕೇಳಿ. ಬೆಳಿಗ್ಗೆ 100 ಇದ್ದ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹತ್ತಿದರು. ಸೀಟು ಸಿಕ್ಕಿತು, ಬ್ಯಾಗ್ ತೊಡೆ ಮೇಲೆ. ಚನ್ನಪಟ್ಟಣ ಬರುವಷ್ಟರಲ್ಲಿ ತೊಡೆ ಬೆಚ್ಚಗಾಯಿತು. "ಮನೆಯವಳು ಕಟ್ಟಿಕೊಟ್ಟ ಊಟದ ಡಬ್ಬಿಯ ಬಿಸಿ ಅಂದ್ಕೊಂಡೆ ಸಾರ್" ಅಂದರು. ಕೆಂಗೇರಿ ದಾಟಿದ ಮೇಲೆ ತೆಗೆದು ನೋಡಿದರೆ ಲ್ಯಾಪ್‌ಟಾಪ್ ಸುಡುತ್ತಿತ್ತು, ಬ್ಯಾಟರಿ 58. ಗಾಳಿ ಆಡದ ಬ್ಯಾಗಿನೊಳಗೆ, ತುಂಬಿದ ಬ್ಯಾಟರಿ, ಬಿಸಿ. ಚಾರ್ಜ್ ಹೋದದ್ದು ಸಣ್ಣ ನಷ್ಟ, ಮತ್ತೆ ತುಂಬಿಸಬಹುದು. ಹೂಳು ಕೂತದ್ದು ವಾಪಸ್ ಬರುವುದಿಲ್ಲ.

ಅವರಿಗೆ ಹೈಬರ್ನೇಟ್ ಹಾಕಿಕೊಟ್ಟೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಕಪ್ಪೆ ಮಣ್ಣಿನೊಳಗೆ ಹೊಕ್ಕು ಮಳೆಗೆ ಕಾಯುತ್ತದಲ್ಲ, ಸುಮಾರಾಗಿ ಹಾಗೆ. ರ‍್ಯಾಮ್‌ನಲ್ಲಿ ಇರುವುದನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು, ಉರಿ ಪೂರ್ತಿ ಆರಿಸುತ್ತದೆ. ಮತ್ತೆ ಆನ್ ಮಾಡಿದಾಗ ಬಿಟ್ಟ ಜಾಗದಿಂದಲೇ ಶುರು. ಎದ್ದೇಳಲು ಕೆಲವು ಸೆಕೆಂಡ್ ಜಾಸ್ತಿ, ಅಷ್ಟೇ. ವಿಂಡೋಸ್‌ನಲ್ಲಿ ಇದನ್ನು ಮೆನುವಿನಲ್ಲಿ ತೋರಿಸದೆ ಮುಚ್ಚಿಟ್ಟಿರುತ್ತಾರೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಎಡಗಡೆ ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಸಾಲು. ಪರದೆಯಲ್ಲಿ ತೋರಿಸುತ್ತಿದ್ದೇನೆ, ಫೋಟೋ ತೆಗೆದುಕೊಳ್ಳಿ. ಅಲ್ಲೇ ಲ್ಯಾಪ್‌ಟಾಪ್ ಮುಚ್ಚಿದರೆ ಏನಾಗಬೇಕು ಅಂತಲೂ ಇದೆ. ರೈಲು, ಬಸ್ಸಿನಲ್ಲಿ ಓಡಾಡುವವರು ಅದಕ್ಕೆ ಹೈಬರ್ನೇಟ್ ಕೊಡಿ.

"ಹಾಗೆ ದಿನಾ ಬರೆದರೆ ಎಸ್‌ಎಸ್‌ಡಿ ಸವೆಯಲ್ವಾ?" ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಎಸ್‌ಎಸ್‌ಡಿ ಅಂದರೆ ಈಗಿನ ಲ್ಯಾಪ್‌ಟಾಪ್‌ಗಳ ಡಿಸ್ಕು, ಬರೆದಷ್ಟೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. 8 ಜಿಬಿ ರ‍್ಯಾಮ್ ಪೂರ್ತಿ ದಿನಕ್ಕೊಂದು ಸಲ ಬರೆದರೂ ವರ್ಷಕ್ಕೆ 3 ಟಿಬಿ ಆಗುವುದಿಲ್ಲ. ಸಣ್ಣ ಎಸ್‌ಎಸ್‌ಡಿ ಕೂಡ ಹತ್ತಾರು ಟಿಬಿ ತಡೆಯುತ್ತದೆ. ಚಿಂತೆ ಬೇಡ.

ಶಟ್‌ಡೌನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಾ ಶಟ್‌ಡೌನ್ ಮಾಡಿದರೆ ಬ್ಯಾಟರಿಗೆ ಕೆಡುಕಿಲ್ಲ. ಒಂದು ವಿಷಯ ಮಾತ್ರ ತಿಳಿದಿರಲಿ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವುದು ಇದೆ. ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳಗಿನ ತಿರುಳು ಡಿಸ್ಕಿನಲ್ಲಿ ಬರೆದು ಮಲಗುತ್ತದೆ. "ದಿನಾ ಶಟ್‌ಡೌನ್ ಮಾಡ್ತೀನಿ, ಆದ್ರೂ ಸ್ಲೋ" ಅಂತ ಬರುವವರ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಅಪ್‌ಟೈಮ್, ಅಂದರೆ ಪೂರ್ತಿ ಹೊಸದಾಗಿ ಶುರುವಾಗಿ ಎಷ್ಟು ಕಾಲ ಆಯಿತು ಅನ್ನುವ ಲೆಕ್ಕ, 14 ದಿನ, 20 ದಿನ ಅಂತ ಇರುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಿ. ಇಲ್ಲ, ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಒತ್ತಿ. ವಾರಕ್ಕೊಮ್ಮೆ ಮಾಡಿದರೂ ಸಾಕು.

ಇಲ್ಲಿ ಬ್ಯಾಟರಿಗೆ ಸೇರದ, ಆದರೆ ಬಿಡಲಾಗದ ಒಂದು ಮಾತು. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಹಳ್ಳಿಗಳಿಂದ ಬಹಳ ಜನ ಬರುತ್ತಾರೆ. ಚಾರ್ಜರ್ ತೆಗೆದರೆ ಜುಮ್ ನಿಲ್ಲುತ್ತದೆ. ಮನೆಯಲ್ಲಿ ಅರ್ತ್ ಸರಿಯಿಲ್ಲ, ಅಥವಾ ಸಾಕೆಟ್‌ಗೆ ಹೋಗುವುದಿಲ್ಲ ಅಂತ ಪ್ಲಗ್ಗಿನ ದಪ್ಪ ಪಿನ್ ಮುರಿದಿರುತ್ತಾರೆ. ಅಡಾಪ್ಟರ್‌ನಿಂದ ಸೋರುವ ಸಣ್ಣ ಕರೆಂಟು ಹೋಗಲು ದಾರಿ ಇಲ್ಲದೆ ನಿಮ್ಮ ಮೈ ಮೂಲಕ ಇಳಿಯುತ್ತದೆ. ಲ್ಯಾಪ್‌ಟಾಪ್ ರಿಪೇರಿಗೆ ತರಬೇಡಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ನೋಡಿಸಿ. ಮಕ್ಕಳು ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಕೂತು ಬಳಸುತ್ತಾರೆ. ಹಾಗೇ ಸಿಕ್ಕಿದ ಅಗ್ಗದ ಡೂಪ್ಲಿಕೇಟ್ ಚಾರ್ಜರ್ ತರಬೇಡಿ. ಇದರಲ್ಲಿ ಹಣ ಉಳಿಸಬಾರದು.

ಬಿಸಿಯ ಬಗ್ಗೆ ಇನ್ನೆರಡೇ ಮಾತು. ಹಾಸಿಗೆ, ದಿಂಬು, ಕೌದಿ ಮೇಲೆ ಇಡಬೇಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತದೆ. ಒಂದು ಮಣೆ ಸಾಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ತುಂಬಿ ಕೂರಿಸುವುದು ಕೆಟ್ಟದ್ದು ಅಂದೆ. ಪೂರ್ತಿ ಖಾಲಿ ಮಾಡಿ ಬೀರುವಿನಲ್ಲಿ ಇಡುವುದು ಅದಕ್ಕಿಂತ ಕೆಟ್ಟದ್ದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಇದ್ದಕ್ಕಿದ್ದ ಹಾಗೆ ಮುಚ್ಚಿದವಲ್ಲ. ಒಂದು ಶಾಲೆಯವರು ತಮ್ಮ ಲ್ಯಾಪ್‌ಟಾಪ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗ ತೆಗೆದದ್ದು ವರ್ಷ ಕಳೆದ ಮೇಲೆ. ಆಟೋದಲ್ಲಿ ಹಾಕಿಕೊಂಡು ನನ್ನ ಹತ್ತಿರ ತಂದರು. ಹನ್ನೊಂದರಲ್ಲಿ ಏಳು ಚಾರ್ಜ್ ತೆಗೆದುಕೊಳ್ಳಲೇ ಇಲ್ಲ. ಒಂದು ಬ್ಯಾಟರಿ ತೆಗೆದು ಮೀಟರ್ ಹಿಡಿದೆ. ಒಂದೊಂದು ಸೆಲ್ಲಿನಲ್ಲಿ 3 ವೋಲ್ಟ್ ಇರಬೇಕಾದ ಜಾಗದಲ್ಲಿ 1 ವೋಲ್ಟ್ ಕೂಡ ಇರಲಿಲ್ಲ. ಅಷ್ಟು ಕೆಳಗೆ ಹೋದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಅಂಥದ್ದನ್ನು ಒತ್ತಾಯವಾಗಿ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು. ಅದಕ್ಕೇ ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಕೊಂಡುಬಿಟ್ಟಿತ್ತು. ಆ ಹೆಡ್‌ಮಾಸ್ಟರು ಏಳೂ ಬ್ಯಾಟರಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರು. ಊರಿನವರು ಚಂದಾ ಎತ್ತಿ ಕೊಡಿಸಿದ್ದ ಲ್ಯಾಪ್‌ಟಾಪ್‌ಗಳು ಅವು. ನನಗೆ ಇವತ್ತಿಗೂ ಆ ಮುಖ ಮರೆತಿಲ್ಲ.

ಹಾಗಾಗಿ ಬೇಸಿಗೆ ರಜೆಗೆ ಎರಡು ಮೂರು ತಿಂಗಳು ಇಡಬೇಕಾದರೆ 50ರ ಆಸುಪಾಸು ಚಾರ್ಜ್ ಇರಲಿ. ಶಿಫ್ಟ್ ಒತ್ತಿ ಶಟ್‌ಡೌನ್ ಮಾಡಿ. ಮೌಸಿನ ಪುಟ್ಟ ಡಾಂಗಲ್, ಪೆನ್‌ಡ್ರೈವ್ ತೆಗೆಯಿರಿ. ಅಟ್ಟದ ಮೇಲೆ ಬೇಡ, ಕೆಳಗಿನ ಬೀರುವಿನಲ್ಲಿ ಇಡಿ. ಎರಡು ತಿಂಗಳಿಗೊಮ್ಮೆ ತೆರೆದು ನೋಡಿ, ಇಳಿದಿದ್ದರೆ ಮತ್ತೆ 50ಕ್ಕೆ ತನ್ನಿ. ಶಾಲೆಯವರು ಇಲ್ಲಿ ನಾಲ್ಕೈದು ಜನ ಇದ್ದೀರಿ. ಕೈ ಮುಗಿದು ಕೇಳುತ್ತೇನೆ, ಬೀರುವಿನ ಬಾಗಿಲಿಗೇ ಮುಂದೆ ತೆರೆದು ನೋಡಬೇಕಾದ ತಾರೀಖು ಬರೆದು ಅಂಟಿಸಿ.

ಇನ್ನು ಉಬ್ಬಿದ ಬ್ಯಾಟರಿ. ಮೌಸ್ ಪ್ಯಾಡ್ ಮೇಲೆದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಮೇಜಿನ ಮೇಲೆ ಅಲ್ಲಾಡಿದರೆ, ಆ ಕ್ಷಣವೇ ಚಾರ್ಜರ್ ತೆಗೆದು ಆಫ್ ಮಾಡಿ. ಒತ್ತಬೇಡಿ. ಸೂಜಿ ಚುಚ್ಚಿ ಗ್ಯಾಸ್ ಬಿಡಿಸಲು ಹೋಗಬೇಡಿ. ಚುಚ್ಚಿದ ಜಾಗದಲ್ಲಿ ಎರಡೂ ಬದಿ ತಾಗಿ ಬೆಂಕಿ ಹತ್ತುತ್ತದೆ. ಒಬ್ಬ ಹುಡುಗ ಹಾಗೆ ಮಾಡಿ ಅಂಗೈ ಸುಟ್ಟುಕೊಂಡು ಬಂದಿದ್ದ. ಕಸದ ಗಾಡಿಗೂ ಹಾಕಬೇಡಿ. ಗಾಡಿಯೊಳಗೆ ಜಜ್ಜಿದರೆ ಪೌರಕಾರ್ಮಿಕರ ಕೈಯಲ್ಲೇ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಹಳೆ ಬ್ಯಾಟರಿಯನ್ನು ವಾಪಸ್ ಪಡೆಯುವ ಹೊಣೆ ಬ್ಯಾಟರಿ ಮಾಡುವವರು, ತರಿಸಿ ಮಾರುವವರ ಮೇಲಿದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಲ್ಲೇ ಕೊಡಿ, ತಗೊಳ್ಳಿ ಅಂತ ಗಟ್ಟಿಯಾಗಿ ಕೇಳಿ. ಅಲ್ಲಿಯವರೆಗೆ ಮನೆಯ ಹೊರಗೆ, ನೆರಳಿನಲ್ಲಿ, ಹೀಗೆ ಮರಳಿನ ಡಬ್ಬದಲ್ಲಿ ಇಡಿ. ಯಾರ ಮನೆಯಲ್ಲಾದರೂ ಅಂಥದ್ದು ಇದ್ದರೆ ಸಭೆ ಮುಗಿದ ಮೇಲೆ ಹೇಳಿ. ಡಬ್ಬ ತಗೊಂಡು ನಾನೇ ಬರುತ್ತೇನೆ.

ತಂಗಿ, ಮೀಟರ್ ಎಷ್ಟು ತೋರಿಸುತ್ತಿದೆ ನೋಡು. 81. ಇನ್ನೊಂದು ಎರಡು ನಿಮಿಷ ಬಿಟ್ಟು ಚಾರ್ಜರ್ ಹಾಕಮ್ಮ. ಇನ್ನು ಅದು 80ರಲ್ಲೇ ನಿಲ್ಲುತ್ತದೆ.